ಕುದುರೆ ಹತ್ತಿದ ಘಟ್ಟ, ಎತ್ತು ನಡೆದ ಸಾಲು

1510ರ ನವೆಂಬರ್‌ನಲ್ಲಿ ಅಫೊನ್ಸೊ ದ ಅಲ್ಬುಕರ್ಕ್ ಬಿಜಾಪುರದವರಿಂದ ಗೋವೆಯನ್ನು ಎರಡನೆಯ ಸಲ ಗೆದ್ದುಕೊಂಡ. ಬಂದರಿನ ಜೊತೆಗೆ ಕುದುರೆ ವ್ಯಾಪಾರವೂ ಅವನ ಕೈಸೇರಿತು. ಅರಬಸ್ತಾನ ಮತ್ತು ಹೊರ್ಮುಜ್‌ನಿಂದ ಹಡಗೇರಿ ಬರುವ ಕುದುರೆಗಳಿಗಾಗಿ ಘಟ್ಟದ ಮೇಲಿನ ಎರಡು ಆಸ್ಥಾನಗಳು, ವಿಜಯನಗರ ಮತ್ತು ಬಿಜಾಪುರ, ಪೈಪೋಟಿ ನಡೆಸುತ್ತಿದ್ದವು. ಕುದುರೆಯನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ಇನ್ನು ಮೇಲೆ ಪೋರ್ಚುಗೀಸರು ತೀರ್ಮಾನಿಸಬಹುದಾಗಿತ್ತು. ತಾನೇ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್, ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಅಂಕಿಯಲ್ಲಿ ವ್ಯಾಪಾರಿಯ ಉತ್ಪ್ರೇಕ್ಷೆ ಇದ್ದೀತು. ಆದರೂ ಆ ಕಾಲಕ್ಕೆ ಕನ್ನಡ ನಾಡಿಗೆ ಬಂದಷ್ಟು ಕುದುರೆ ಮುಂದೆಂದೂ ಬಂದಿರಲಿಕ್ಕಿಲ್ಲ.

ಅಷ್ಟು ಕುದುರೆ ಘಟ್ಟ ಹತ್ತಿದರೂ ಹೊಲಕ್ಕೆ ಇಳಿದದ್ದು ಒಂದೂ ಇಲ್ಲ. ಯುರೋಪಿನಲ್ಲಿ ಉಳುವುದು, ಹರಗುವುದು, ಬೆಳೆಸಾಲುಗಳ ನಡುವೆ ಎಡೆ ಹೊಡೆಯುವುದು ಎಲ್ಲವೂ ಮೆಲ್ಲಮೆಲ್ಲನೆ ಕುದುರೆಯ ಪಾಲಿಗೆ ಬಂದವು. ನಮ್ಮಲ್ಲಿ ಅದು ಕೊನೆಯವರೆಗೂ ಸವಾರಿಯ ಮತ್ತು ದಂಡಿನ ಪ್ರಾಣಿಯಾಗಿಯೇ ಉಳಿಯಿತು. ಬೆಲೆ ರೈತನಿಗೆ ಎಟುಕುವಂತಿರಲಿಲ್ಲ ಎಂಬುದು ಮೊದಲ ಕಾರಣ. ಇನ್ನೊಂದು ಕಾರಣ ಎತ್ತಿನ ಮೈಯಲ್ಲೇ ಇತ್ತು. ನಮ್ಮ ಎತ್ತಿನ ಡುಬ್ಬಕ್ಕೆ ಒಂದು ನೊಗ ಸಾಕು. ಕುದುರೆ ಭಾರ ಎಳೆಯಬೇಕಾದರೆ ಕತ್ತಿಗೆ ಮೆತ್ತನೆಯ ತೊಗಲಿನ ಪಟ್ಟ, ಎದೆಗೆ ಬಾರು, ಅದನ್ನು ಹೊಲಿಯಲು ಕೈಕಸುಬಿನವನು ಬೇಕು. ಎತ್ತು ಕಣಿಕೆ ಮೆಂದು ದುಡಿಯುತ್ತದೆ, ಸಾಲು ತಪ್ಪದಂತೆ ನಿಧಾನವಾಗಿ ನಡೆಯುತ್ತದೆ. ಎಳೆಯ ಬೆಳೆಯ ನಡುವೆ ಹರಿತವಾದ ಕಬ್ಬಿಣ ಎಳೆಯುವ ಕೆಲಸಕ್ಕೆ ಆ ನಿಧಾನವೇ ಬೇಕು.

ಗೋವೆಯ ಗದ್ದೆಗಳಲ್ಲಿ ಈ ಕೆಲಸವೇ ಇರಲಿಲ್ಲ. ಅಲ್ಲಿ ಕಡಲ ನೀರಿಗೆ ಒಡ್ಡು ಕಟ್ಟಿದ ಖಾಜಣ ಭೂಮಿ, ಉಪ್ಪು ತಾಳುವ ಕೊರಗುಟ್ ಭತ್ತ, ಗುಡ್ಡದ ಮೇಲೆ ಕಡಿದು ಸುಡುವ ಕುಮರಿ ಬೇಸಾಯ. ಚೆಲ್ಲಿ ಬಿತ್ತಿದ ಗದ್ದೆಯಲ್ಲಿ ಸಾಲಿಲ್ಲ, ಸಾಲಿಲ್ಲದ ಮೇಲೆ ಎಡೆಯೂ ಇಲ್ಲ. ಎಡೆ ಬೇಸಾಯದ ಕಥೆ ಹುಡುಕುವವರು ಚೋರ್ಲಾ ಘಟ್ಟ ಹತ್ತಿ ಬೆಳಗಾವಿಗೆ, ಅಲ್ಲಿಂದ ಧಾರವಾಡದ ಎರೆಭೂಮಿಗೆ ಬರಬೇಕು.

ಎರೆಭೂಮಿಯ ಬೇಸಾಯ ಮಳೆಗಿಂತ ಹೆಚ್ಚಾಗಿ ನೆಲದಲ್ಲಿ ನಿಂತ ಹಸಿಯನ್ನು ನಂಬಿ ನಡೆಯುತ್ತದೆ. ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಮಳೆಗಾಲ ಮುಗಿಯುತ್ತ ಬಂದಿರುತ್ತದೆ. ಮುಂದಿನ ಮೂರು ತಿಂಗಳು ಬೆಳೆ ಬದುಕುವುದು ಒಳಗಿನ ತೇವದ ಮೇಲೆಯೇ. ಬಿಸಿಲಿಗೆ ನೆಲ ಬಿರಿದು ಬಾಯಿ ಬಿಟ್ಟರೆ ಆ ತೇವ ಆವಿಯಾಗಿ ಹೋಗುತ್ತದೆ, ಬೇರು ಹರಿಯುತ್ತದೆ. ಎಡೆಕುಂಟೆ ಇಲ್ಲಿ ಎರಡು ಕೆಲಸವನ್ನು ಒಂದೇ ಸಲ ಮಾಡುತ್ತದೆ. ಅದರ ಕಬ್ಬಿಣದ ಅಲಗಾದ ಕುಡ ಮೇಲ್ಮಣ್ಣಿನ ಕೆಳಗೆ ಅಡ್ಡಡ್ಡವಾಗಿ ಸರಿಯುತ್ತ ಕಳೆಯ ಬೇರು ಕತ್ತರಿಸುತ್ತದೆ. ಸಡಿಲವಾದ ಪುಡಿಮಣ್ಣು ಬಿರುಕಿನೊಳಕ್ಕೆ ಇಳಿದು ಅದನ್ನು ಮುಚ್ಚುತ್ತದೆ. ಕಳೆ ಇಲ್ಲದ ಹೊಲದಲ್ಲಿಯೂ ಧಾರವಾಡದ ರೈತ ಎಡೆ ಹೊಡೆಯುವುದು ಅದಕ್ಕಾಗಿ.

ಸಲಕರಣೆ ನೋಡಲು ಬಡವಾಗಿದೆ. ಜಾಲಿ ಕಟ್ಟಿಗೆಯ ಒಂದು ದಿಂಡು, ಅದಕ್ಕೆ ಎರಡು ಕಾಲು, ಕಾಲುಗಳ ತುದಿಗೆ ಕಮ್ಮಾರ ಬಡಿದುಕೊಟ್ಟ ಕುಡ, ಮುಂದಕ್ಕೆ ಈಸು, ಹಿಂದೆ ಹಿಡಿಯಲು ಮೇಳಿ. ಜೋಡಿ ಎತ್ತಿನ ಹಿಂದೆ ಎರಡು ಎಡೆಕುಂಟೆ ಕಟ್ಟಿ, ಒಂದೊಂದಕ್ಕೆ ಒಬ್ಬೊಬ್ಬರು ನಡೆಯುತ್ತಾರೆ. ಬೆಳೆಗೆ ಬಾಯಿ ಹಾಕದಂತೆ ಎತ್ತಿಗೆ ಕುಕ್ಕೆ ಕಟ್ಟುತ್ತಾರೆ. ಕುಡ ಎಷ್ಟು ಆಳಕ್ಕೆ ಇಳಿಯಬೇಕೆಂಬುದು ಈಸು ಮತ್ತು ದಿಂಡಿನ ನಡುವಿನ ಓರೆಯಿಂದ, ಉಳಿದದ್ದು ಮೇಳಿಯ ಮೇಲಿನ ಕೈಭಾರದಿಂದ ನಿರ್ಧಾರವಾಗುತ್ತದೆ.

ಇದನ್ನು ಬಿಡಿಯಾಗಿ ನೋಡಿದರೆ ಏನೂ ತಿಳಿಯುವುದಿಲ್ಲ. ಎಡೆಕುಂಟೆಯನ್ನು ಅಳೆದು ಕೊಡುವುದು ಬೀಜ ಬಿತ್ತುವ ಕೂರಿಗೆ. ಕೂರಿಗೆಯ ತಾಳುಗಳ ನಡುವೆ ಎಷ್ಟು ಅಂತರವೋ ಸಾಲುಗಳ ನಡುವೆ ಅಷ್ಟೇ ಅಂತರ. ಕುಡದ ಅಗಲ ಅದಕ್ಕಿಂತ ಅಷ್ಟಿಷ್ಟು ಕಡಿಮೆ. ಎಡೆ ಹೊಡೆಯುವ ನೊಗವೂ ಅದೇ ಲೆಕ್ಕದ್ದು, ಎತ್ತುಗಳು ಬೆಳೆಯನ್ನು ತುಳಿಯದೆ ಸಾಲಿನ ನಡುವೆ ಹೆಜ್ಜೆ ಇಡುವಷ್ಟು ಉದ್ದ. ಧಾರವಾಡದ ಹತ್ತಿಗೆ ಸುಮಾರು ಒಂದೂವರೆ ಅಡಿ ಅಂತರವಿತ್ತು. ಜೋಳದ ಕೂರಿಗೆಗೆ ಮೂರೋ ನಾಲ್ಕೋ ತಾಳು, ಹಳೆ ಮೈಸೂರಿನ ರಾಗಿ ಕೂರಿಗೆಗೆ ಹನ್ನೆರಡು. ಕಾಳು ಹಾಕುವ ಬಟ್ಟಲಿನಿಂದ ಬಿದಿರಿನ ಕೊಳವೆಗಳ ಮೂಲಕ ಬೀಜ ಒಂದೊಂದು ತಾಳಿನ ಹಿಂದೆ ಬೀಳುತ್ತದೆ. ಅರಳೆಯ ನವಿರು ಅಂಟಿಕೊಂಡ ಹತ್ತಿಬೀಜ ಕೊಳವೆಯಲ್ಲಿ ಸಿಕ್ಕಿಬೀಳುತ್ತದೆಂದು ಅದಕ್ಕೆ ಸೆಗಣಿ, ಮಣ್ಣು ಹಾಕಿ ತಿಕ್ಕಿ ಕಾಳುಕಾಳಾಗಿ ಮಾಡಿಕೊಳ್ಳುತ್ತಿದ್ದರು. ಕೂರಿಗೆ, ಎಡೆಕುಂಟೆ, ನೊಗ, ಎತ್ತಿನ ಹೆಜ್ಜೆ, ಹತ್ತಿಬೀಜದ ಸೆಗಣಿ ಎಲ್ಲ ಸೇರಿ ಒಂದೇ ಯಂತ್ರ. ಇದನ್ನು ರೂಪಿಸಿದ ಬಡಿಗರ, ಕಮ್ಮಾರರ ಹೆಸರು ಯಾವ ದಫ್ತರದಲ್ಲೂ ಇಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ಅವರಿಗೆ ಸಲ್ಲುತ್ತಿದ್ದ ಆಯದ ಕಾಳೇ ಅವರ ಸಂಬಳ.

ಇಂಗ್ಲೆಂಡಿನಲ್ಲಿ ಇದೇ ಯೋಚನೆ ಹೊಸತೆಂಬಂತೆ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಕಾನೂನು ಓದಿ ಒಕ್ಕಲುತನಕ್ಕೆ ಇಳಿದ ಜೆಥ್ರೊ ಟಲ್ 1701ರ ಸುಮಾರಿಗೆ ಬೀಜ ಬಿತ್ತುವ ಯಂತ್ರ ಮಾಡಿದ. ದಕ್ಷಿಣ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳ್ಳಿಸಾಲಿನ ನಡುವೆ ಉಳುವುದನ್ನು ಕಂಡು ಬಂದು, ಗೋದಿಗೂ ಟರ್ನಿಪ್ ಗಡ್ಡೆಗೂ ಹಾಗೇ ಮಾಡಿ ನೋಡಿದ. ಸಾಲುಗಳ ನಡುವೆ ಕುದುರೆಯಿಂದ ಕುಂಟೆ ಎಳೆಸುವ ಈ ಕ್ರಮವನ್ನು ಕುರಿತ ಅವನ ಪುಸ್ತಕ 1731ರಲ್ಲಿ ಹೊರಬಂತು. ಬೇರುಗಳು ನುಣ್ಣನೆಯ ಮಣ್ಣಿನ ಕಣಗಳನ್ನೇ ತಿನ್ನುತ್ತವೆ ಎಂದು ಟಲ್ ನಂಬಿದ್ದ. ನಂಬಿಕೆ ತಪ್ಪಾಗಿತ್ತು, ಸಲಕರಣೆ ಸರಿಯಾಗಿತ್ತು. ಕುದುರೆ ಎಳೆಯುವ ಸಾಲುಕುಂಟೆಗಳ ವಂಶವೆಲ್ಲ ಅವನಿಂದ ಶುರುವಾಗುತ್ತದೆಂದು ಇಂಗ್ಲಿಷ್ ಬಲ್ಲ ಜಗತ್ತು ಇಂದಿಗೂ ಹೇಳುತ್ತದೆ.

ಅದೇ ಶತಮಾನ ಮುಗಿಯುವ ಮೊದಲೇ ಆ ಮಾತಿಗೆ ಉತ್ತರ ದಕ್ಷಿಣ ಭಾರತದಿಂದ ಹೋಯಿತು. 1790ರ ದಶಕದಲ್ಲಿ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಸೈನ್ಯಾಧಿಕಾರಿ ಇಲ್ಲಿನ ಹೊಲಗಳಲ್ಲಿ ಕೂರಿಗೆಯನ್ನು ಕಂಡು ಬೆರಗಾದ. ಇದು ಯುರೋಪಿನ ಹೊಸ ಶೋಧ ಎಂದೇ ಅವನು ತಿಳಿದಿದ್ದ; ಇಲ್ಲಿ ಅದು ನೆನಪಿಗೂ ಮೀರಿದ ಕಾಲದಿಂದ ನಡೆದು ಬಂದಿತ್ತು. ಅದರ ವಿವರವನ್ನು ಅವನು ಲಂಡನ್ನಿನ ಕೃಷಿ ಮಂಡಳಿಗೆ ಬರೆದು ಕಳಿಸಿದ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಲು ಹೊರಟ. 1807ರಲ್ಲಿ ಮೂರು ಸಂಪುಟಗಳಾಗಿ ಬಂದ ಅವನ ಪ್ರವಾಸ ಕಥನದಲ್ಲಿ ಕುಂಟೆ, ಕೂರಿಗೆಗಳು ಕನ್ನಡದ ಹೆಸರುಗಳಿಂದಲೇ ಬರುತ್ತವೆ, ಚಿತ್ರಗಳೂ ಇವೆ. ಅವನು ಕರಾವಳಿ ಹಿಡಿದು ಗೋವೆಯ ಗಡಿಯ ಹತ್ತಿರ ಕಾರವಾರದವರೆಗೆ ಹೋಗಿ, ಘಟ್ಟ ಹತ್ತಿ ಸೋಂದೆ, ಬನವಾಸಿ, ಹರಿಹರದ ದಾರಿಯಲ್ಲಿ ಮರಳಿದ. ನಮ್ಮ ರೈತರನ್ನು ಬಯ್ಯುವುದರಲ್ಲಿ ಬುಕಾನನ್ ಹಿಂದೆ ಬಿದ್ದವನಲ್ಲ. ಅಂಥವನೂ ಈ ಸಲಕರಣೆಗಳನ್ನು ಅಷ್ಟು ವಿವರವಾಗಿ ದಾಖಲಿಸಿದ್ದು ಅವುಗಳ ಯೋಗ್ಯತೆಗೆ ಸಾಕ್ಷಿ.

ಆದರೆ ದಾಖಲೆ ಕಪಾಟಿನಲ್ಲಿ ಉಳಿಯಿತು. ಮ್ಯಾಂಚೆಸ್ಟರ್ ಗಿರಣಿಗಳಿಗೆ ಉದ್ದನೆಯ ಎಳೆಯ ಹತ್ತಿ ಬೇಕಾದಾಗ ಈಸ್ಟ್ ಇಂಡಿಯಾ ಕಂಪನಿಗೆ ತೋಚಿದ್ದು, ಅಮೆರಿಕದಿಂದ ಬೀಜವನ್ನೂ ಅದರ ಬೇಸಾಯವನ್ನೂ ಒಟ್ಟಿಗೇ ತರಿಸುವುದು. 1840ರಲ್ಲಿ ಅಮೆರಿಕದ ದಕ್ಷಿಣ ಸೀಮೆಯಿಂದ ಹತ್ತು ಮಂದಿ ಹತ್ತಿ ಬೆಳೆಗಾರರು ಸಂಬಳದ ಮೇಲೆ ಭಾರತಕ್ಕೆ ಬಂದರು. ಅವರ ಜೊತೆ ಬೀಜ, ನೇಗಿಲು, ಅರಳೆ ಬಿಡಿಸುವ ಗರಗಸದ ಜಿನ್ನುಗಳು ಬಂದವು. ಅವರಲ್ಲೊಬ್ಬನಾದ ಮರ್ಸರ್ ಧಾರವಾಡ ಸೀಮೆಗೆ ಬಂದು ಹುಬ್ಬಳ್ಳಿಯ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗ ಕ್ಷೇತ್ರ ಹೂಡಿದ.

ಕುಸುಗಲ್ಲಿನ ಪ್ರಯೋಗ ನಮ್ಮ ಕೃಷಿ ಚರಿತ್ರೆಯಲ್ಲಿ ಇನ್ನೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕಾದ ಪ್ರಸಂಗ. ಮಿಸ್ಸಿಸಿಪ್ಪಿಯ ಕ್ರಮದಲ್ಲಿ ಹತ್ತಿಯನ್ನು ಏರಿ ಮಾಡಿ, ಅಗಲವಾದ ಅಂತರ ಬಿಟ್ಟು ಬೆಳೆಯುತ್ತಿದ್ದರು. ಅಲ್ಲಿ ಮಳೆ ಹೆಚ್ಚು, ನೀರು ಹರಿದುಹೋಗಬೇಕು, ಕುದುರೆಯೋ ಹೇಸರಗತ್ತೆಯೋ ಸಾಲಿನ ನಡುವೆ ನಡೆಯಬೇಕಿತ್ತು. ಧಾರವಾಡದಲ್ಲಿ ನೀರು ಹರಿದುಹೋದರೆ ಬೆಳೆಯೇ ಹೋದಂತೆ. ಸಮನೆಲದಲ್ಲಿ ಕಿರಿದಾದ ಸಾಲು, ಮೇಲೆ ಪುಡಿಮಣ್ಣಿನ ಹೊದಿಕೆ, ಒಳಗೆ ತೇವ, ಇದು ಇಲ್ಲಿಯ ನೀತಿ. ಕೆಲವು ವರ್ಷ ದುಡಿದ ಮೇಲೆ ಮರ್ಸರ್ ಸರಕಾರಕ್ಕೆ ನೇರವಾಗಿ ತಿಳಿಸಿದ: ಪ್ರಯೋಗ ಕ್ಷೇತ್ರಗಳು ವ್ಯರ್ಥ ಖರ್ಚು, ಅಮೆರಿಕದ ಬೇಸಾಯ ಕ್ರಮ ಈ ದೇಶಕ್ಕೆ ಒಗ್ಗುವುದಿಲ್ಲ, ಇಲ್ಲಿಯ ಹವೆ ಮತ್ತು ಮಣ್ಣು ಬಲ್ಲ ರೈತರು ಯಾವ ಯುರೋಪಿಯನ್ನನಿಗಿಂತಲೂ ಚೆನ್ನಾಗಿ, ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲರು. ಕಲಿಸಲು ಬಂದವನು ತನ್ನ ಸಂಬಳದ ನೆಲೆಯನ್ನೇ ಕಳೆದುಕೊಳ್ಳುವಂಥ ಮಾತನ್ನು ಹೀಗೆ ಬರೆದುಕೊಟ್ಟದ್ದಕ್ಕೆ ಅವನನ್ನು ಗೌರವದಿಂದ ನೆನೆಯಬೇಕು.

ಅಮೆರಿಕದಿಂದ ಬಂದದ್ದೆಲ್ಲ ಸೋಲಲಿಲ್ಲ ಎಂಬುದನ್ನೂ ಹೇಳಬೇಕು. ಬೀಜ ನಿಂತಿತು, ‘ಧಾರವಾಡ ಅಮೆರಿಕನ್’ ಎಂಬ ಹೆಸರು ಪಡೆದು, 1861ರಿಂದ 65ರವರೆಗಿನ ಅಮೆರಿಕದ ಒಳಯುದ್ಧದ ಕಾಲದಲ್ಲಿ ರೈತರಿಗೆ ಹಣ ತಂದಿತು. ಗರಗಸದ ಜಿನ್ನೂ ನಿಂತಿತು, ಅವನ್ನು ಮಾಡಲು ಮತ್ತು ದುರಸ್ತಿ ಮಾಡಲು ಧಾರವಾಡದಲ್ಲೇ ಕಾರ್ಖಾನೆ ಬಂತು. ಇಲ್ಲಿ ಇಲ್ಲದ ವಸ್ತುವನ್ನು ರೈತ ಎರಡೂ ಕೈಯಿಂದ ತೆಗೆದುಕೊಂಡ. ತನ್ನಲ್ಲಿ ಇನ್ನೂ ಚೆನ್ನಾದದ್ದು ಇದ್ದ ಕಡೆ ಮಾತ್ರ ಬೇಡವೆಂದ. ರೈತ ಹಳೆಯದಕ್ಕೆ ಜೋತುಬಿದ್ದವನು ಎಂಬ ಆಪಾದನೆ ಮುಂದೆ ನೂರು ವರ್ಷ ಸರಕಾರಿ ಕಾಗದಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕುಸುಗಲ್ಲಿನ ಪಾಠ ನೆನಪಿದ್ದಿದ್ದರೆ ಅದು ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. 1860ರ ದಶಕದಲ್ಲಿ ಮದರಾಸಿನ ಸೈದಾಪೇಟೆಗೆ ಉಗಿ ನೇಗಿಲುಗಳೇ ಬಂದಿಳಿದವು, ಯಾವ ಹಳ್ಳಿಗೂ ತಲುಪಲಿಲ್ಲ. 1889ರಿಂದ ಸುಮಾರು ಒಂದು ವರ್ಷ ದೇಶ ಸುತ್ತಿದ ರಸಾಯನಶಾಸ್ತ್ರಜ್ಞ ವೋಲ್ಕರ್ 1893ರ ತನ್ನ ವರದಿಯಲ್ಲಿ ಮರ್ಸರ್‌ನ ಮಾತಿನ ಹತ್ತಿರಕ್ಕೇ ಬಂದ: ಇಲ್ಲಿಯ ಸಲಕರಣೆಗಳು ಇಲ್ಲಿಯ ಸ್ಥಿತಿಗೆ ತಕ್ಕವು, ತಿದ್ದುವುದಿದ್ದರೆ ಅಗ್ಗವಾಗಿ, ಹಗುರವಾಗಿ, ಹಳ್ಳಿಯಲ್ಲೇ ದುರಸ್ತಿಯಾಗುವಂತೆ ತಿದ್ದಬೇಕು.

ಹಾಗೆ ತಿದ್ದುವ ಕೆಲಸ ಸರಕಾರದ ಹೊರಗೆ, ಬೆಳಗಾವಿಯ ಒಂದು ಸೈಕಲ್ ಅಂಗಡಿಯಲ್ಲಿ ಶುರುವಾಯಿತು.

1888 ಈ ಸೀಮೆಗೆ ಎರಡು ಕಾರಣಕ್ಕೆ ನೆನಪಿಡಬೇಕಾದ ವರ್ಷ. ಆಂಗ್ಲ ಮತ್ತು ಪೋರ್ಚುಗೀಸ್ ಸರಕಾರಗಳ 1878ರ ಒಪ್ಪಂದದಿಂದ ಹುಟ್ಟಿದ ಮುರಗಾಂವ್ ರೈಲುದಾರಿ ಆ ವರ್ಷ ಕ್ಯಾಸಲ್‌ರಾಕ್ ಮೂಲಕ ಘಟ್ಟ ದಾಟಿತು. ಹಿಂದೆ ಗೋವೆಯಿಂದ ಕುದುರೆ ಘಟ್ಟ ಹತ್ತಿದ್ದರೆ ಈಗ ಧಾರವಾಡದ ಹತ್ತಿಗೆ ಗೋವೆಯ ಬಂದರಿಗೆ ಇಳಿಯುವ ದಾರಿ ತೆರೆಯಿತು. ಅದೇ ವರ್ಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮತ್ತು ಅಣ್ಣ ರಾಮಚಂದ್ರರಾಯರು ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ಆರಂಭಿಸಿದರು. ಲಕ್ಷ್ಮಣರಾಯರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿಯಲು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದಾಗ ಬಣ್ಣಗಳ ಭೇದ ತಮ್ಮ ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲವೆಂಬುದು ಗೊತ್ತಾಯಿತು. ಬಣ್ಣ ಬಿಟ್ಟು ಯಂತ್ರದ ರೇಖಾಚಿತ್ರ ಹಿಡಿದರು. ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳಿದರು. ಕೊನೆಗೆ ಊರ ಕಡೆ ಬಂದು ಮೇವು ಕತ್ತರಿಸುವ ಯಂತ್ರ ಮಾಡಿದರು. ಕಬ್ಬಿಣದ ನೇಗಿಲು ಹೊರಬಂದದ್ದು 1903ರಲ್ಲಿ.

ಎಡೆಕುಂಟೆ ಮೇಲಿನ ಕಳೆಯನ್ನಷ್ಟೇ ಕೊಯ್ಯುತ್ತದೆ. ಆಳಕ್ಕೆ ಇಳಿದು ಗೆಣ್ಣುಗೆಣ್ಣಿಗೆ ಚಿಗುರುವ ಕರಿಕೆ ಮತ್ತು ಜೇಕಿಗೆ ಅದರಿಂದ ಏನೂ ಆಗುವುದಿಲ್ಲ. ಅವು ಹಬ್ಬಿದ ಎರೆಹೊಲವನ್ನು ಗುದ್ದಲಿ ಹಿಡಿದು ಆಳವಾಗಿ ಅಗೆಸಬೇಕಿತ್ತು, ಇಲ್ಲವೇ ಬೀಳು ಬಿಡಬೇಕಿತ್ತು. ಮಣ್ಣನ್ನು ಆಳದಿಂದ ಮಗುಚುವ ನೇಗಿಲು ನಿಜಕ್ಕೂ ಬೇಕಾಗಿದ್ದದ್ದು ಇಲ್ಲಿ. ವಿಲಾಯತಿ ನೇಗಿಲುಗಳು ಸಿಗುತ್ತಿದ್ದವು, ಬೆಲೆ ಹೆಚ್ಚು, ತೂಕ ಹೆಚ್ಚು, ಒಂದು ಭಾಗ ಮುರಿದರೆ ಹಡಗಿನ ದಾರಿ ಕಾಯಬೇಕು. ಕಿರ್ಲೋಸ್ಕರರ ನೇಗಿಲಿಗೂ ಸ್ವಾಗತ ಸಿಗಲಿಲ್ಲ. ಕಬ್ಬಿಣ ಭೂಮಿಗೆ ವಿಷ ಎಂಬ ಮಾತು ಹಬ್ಬಿ, ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಈ ಕಥೆಯನ್ನು ರೈತರ ಮೂಢನಂಬಿಕೆಯ ಉದಾಹರಣೆಯೆಂದು ಹೇಳುವ ರೂಢಿ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಕುಂಟೆಯ ಕುಡ, ಗುದ್ದಲಿ, ಕುಡುಗೋಲು ಎಲ್ಲ ಕಬ್ಬಿಣದವೇ; ರೈತ ಹೆದರಿದ್ದು ಲೋಹಕ್ಕಲ್ಲ. ಅಡಿಯ ಮಣ್ಣನ್ನು ಬಿಸಿಲಿಗೆ ತಿರುವಿಹಾಕುವ, ಒಂದು ಜೋಡಿ ಎತ್ತಿನಿಂದ ಎಳೆಯಲಾಗದ, ಊರ ಬಡಿಗನಿಗೆ ಬಗ್ಗದ ಹೊಸ ವಸ್ತುವನ್ನು ವರ್ಷದ ಅನ್ನ ಒತ್ತೆಯಿಟ್ಟು ಕೊಳ್ಳಲು ಅವನು ಹಿಂಜರಿದ. ಅಕ್ಕಪಕ್ಕದ ಹೊಲದಲ್ಲಿ ಕರಿಕೆ ಸತ್ತದ್ದನ್ನು ಕಣ್ಣಾರೆ ಕಂಡ ಮೇಲೆ ಅದೇ ರೈತರು ಕಿರ್ಲೋಸ್ಕರ್ ನೇಗಿಲನ್ನು ಮನೆಮಾತಾಗಿಸಿದರು.

ಅಷ್ಟರಲ್ಲಿ ಬೆಳಗಾವಿಯ ಜಾಗ ಬಿಡಬೇಕಾಗಿ ಬಂತು. ಔಂಧ ಸಂಸ್ಥಾನದ ಅರಸು ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ್ ರಸ್ತೆ ಸ್ಟೇಷನ್ನಿನ ಹತ್ತಿರ ಬೀಳುಭೂಮಿಯನ್ನೂ ಸಾಲವನ್ನೂ ಕೊಟ್ಟರು. 1910ರಲ್ಲಿ ಕಳ್ಳಿ ಕಡಿದು ಎದ್ದ ಆ ಊರೇ ಕಿರ್ಲೋಸ್ಕರವಾಡಿ. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ಕೈಪಂಪುಗಳು ಅಲ್ಲಿಂದ ಬಂದವು. ಕನ್ನಡ ಜಿಲ್ಲೆಯ ಮಗ ಊರು ಬಿಟ್ಟು ಹೋದದ್ದರಿಂದ ಬೆಳಗಾವಿ ಕಳೆದುಕೊಂಡದ್ದು ಕಡಿಮೆಯೇನಲ್ಲ. ಆ ಮನೆತನದ ಉದ್ಯಮ 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ರೂಪದಲ್ಲಿ ಮತ್ತೆ ಕನ್ನಡ ನೆಲಕ್ಕೆ ಬಂತು, ಆದರೆ ಅಲ್ಲಿ ತಯಾರಾದದ್ದು ನೇಗಿಲಲ್ಲ, ಲೇತ್ ಯಂತ್ರಗಳು.

ಕಿರ್ಲೋಸ್ಕರ್ ನೇಗಿಲು ಹರಡುತ್ತಿದ್ದ ಹೊತ್ತಿಗೆ ಸಾಲುಕುಂಟೆಯನ್ನು ತಿದ್ದುವ ಪ್ರಯತ್ನ ಸರಕಾರಿ ಕ್ಷೇತ್ರಗಳಲ್ಲೂ ನಡೆದಿತ್ತು. ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಆ್ಯಲನ್ ಕಂಪನಿಯ ‘ಪ್ಲಾನೆಟ್ ಜೂನಿಯರ್’ ಕುಂಟೆ ಆಗಿನ ಹೆಸರಾಂತ ಮಾದರಿ. ಒಂದು ಕುದುರೆ ಎಳೆಯುವಂಥದು. ಐದು ಹಲ್ಲು, ಮುಂದೆ ಆಳ ಹಿಡಿಯುವ ಚಿಕ್ಕ ಗಾಲಿ, ಒಂದು ಹಿಡಿಕೆ ಸರಿಸಿದರೆ ಅಗಲ ಹೆಚ್ಚು ಕಡಿಮೆಯಾಗುವ ಏರ್ಪಾಡು. ಆ ಏರ್ಪಾಡು ನಿಜವಾದ ಸುಧಾರಣೆ ಎನ್ನದೆ ನಿರ್ವಾಹವಿಲ್ಲ. ನಮ್ಮ ಎಡೆಕುಂಟೆ ಒಂದೇ ಅಂತರಕ್ಕೆ ಹೊಂದಿದ್ದು. ಬೆಳೆ ಬದಲಾದರೆ ಕುಂಟೆಯನ್ನೂ ಬದಲಿಸಬೇಕು. ಭಾರತದ ಕೃಷಿ ಕ್ಷೇತ್ರಗಳಲ್ಲಿ ಕಬ್ಬಿನಂಥ ಅಗಲ ಸಾಲಿನ ಬೆಳೆಗಳಿಗೆ ಪ್ಲಾನೆಟ್ ಜೂನಿಯರ್ ಬಳಕೆಗೆ ಬಂತು. ಆದರೆ ಅದರ ಚೂಪು ಹಲ್ಲುಗಳು ಮಣ್ಣನ್ನು ಗೀರುತ್ತವೆ, ಕುಡದ ಹಾಗೆ ಅಡ್ಡಲಾಗಿ ಕೊಯ್ಯುವುದಿಲ್ಲ. ಒಂದೂವರೆ ಅಡಿಯ ಹತ್ತಿಸಾಲಿನಲ್ಲಿ ಅದಕ್ಕೆ ಜಾಗವೂ ಸಾಲದು. ಎರೆಭೂಮಿಯ ಹೊಲಗಳಲ್ಲಿ ಕುಡವೇ ಉಳಿಯಿತು. ಮೈಸೂರಿನಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ 1913ರಿಂದ ಕೃಷಿ ಇಲಾಖೆಯ ನಿರ್ದೇಶಕರಾಗಿ ಹೆಬ್ಬಾಳವನ್ನು ಕೇಂದ್ರವಾಗಿಟ್ಟುಕೊಂಡು ಹಗುರ ಕಬ್ಬಿಣದ ನೇಗಿಲುಗಳನ್ನು ಪ್ರಚಾರ ಮಾಡಿದರು.

ಘಟ್ಟದ ಕೆಳಗೆ ಸಾಲು ಬಂದದ್ದು ತಡವಾಗಿ, ಅದೂ ಬೇರೆ ದಿಕ್ಕಿನಿಂದ. 1953ರಲ್ಲಿ ಭಾರತ ಸರಕಾರ ಜಪಾನಿ ಪದ್ಧತಿಯ ಭತ್ತದ ಬೇಸಾಯವನ್ನು ಪ್ರಚಾರಕ್ಕೆ ತಂದಿತು. ಹಗ್ಗ ಹಿಡಿದು ಸಾಲಾಗಿ ನಾಟಿ ಮಾಡಿ, ಹಲ್ಲುಗಾಲಿಯ ಕಳೆಯಂತ್ರವನ್ನು ಸಾಲುಗಳ ನಡುವೆ ತಳ್ಳುವುದು ಅದರ ಕ್ರಮ. ಗೋವೆ ಆಗ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. 1961ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಮೇಲೆಯೇ ಅದು ದೇಶದ ಕೃಷಿ ಸಂಶೋಧನೆಯ ಜಾಲಕ್ಕೆ ಸೇರಿದ್ದು. ಹಳೆ ಗೋವೆಯ ಏಳಾದಲ್ಲಿ ಇಂದು ಕೇಂದ್ರದ ಕೃಷಿ ಸಂಶೋಧನಾ ಸಂಸ್ಥೆ ಇದೆ. ಭತ್ತದ ಕಳೆಯಂತ್ರ ಎಲ್ಲಿ ನಿಂತಿತು, ಎಲ್ಲಿ ಮೂಲೆಗೆ ಬಿತ್ತು ಎಂದು ನೋಡಿದರೆ ಧಾರವಾಡದ ಬಡಿಗನಿಗೆ ಗೊತ್ತಿದ್ದ ವಿಷಯವೇ ಮತ್ತೆ ಕಾಣುತ್ತದೆ. ನಾಟಿ ನೇರವಾಗಿದ್ದ ಗದ್ದೆಯಲ್ಲಿ ಅದು ನಡೆಯಿತು. ಕೈಗೆ ಬಂದಂತೆ ನೆಟ್ಟ ಗದ್ದೆಯಲ್ಲಿ ಎಷ್ಟು ಒಳ್ಳೆಯ ಯಂತ್ರವೂ ಸಸಿಯನ್ನೇ ಕಿತ್ತಿತು.

ಎರೆಭೂಮಿಯಲ್ಲಿ ಈಗ ಎತ್ತು ಕಡಿಮೆಯಾಗುತ್ತಿದೆ. ಟ್ರ್ಯಾಕ್ಟರ್ ಬಂದ ಮೇಲೆ ಅಳತೆಯ ಯಜಮಾನಿಕೆ ಎತ್ತಿನ ಹೆಜ್ಜೆಯಿಂದ ಗಾಲಿಯ ಅಂತರಕ್ಕೆ ಹೋಯಿತು. ಆ ಹೊಸ ಅಳತೆಗೆ ಕೂರಿಗೆಯನ್ನು ಮರಳಿ ಹೊಂದಿಸಿದವರಲ್ಲಿ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಹೆಸರು ಮೊದಲು ಬರಬೇಕು. ರೈತರಾಗಿದ್ದುಕೊಂಡೇ ಟ್ರ್ಯಾಕ್ಟರ್ ಎಳೆಯುವ ಬೀಜ ಗೊಬ್ಬರದ ಕೂರಿಗೆಯನ್ನೂ ಇನ್ನೂ ಹಲವು ಸಲಕರಣೆಗಳನ್ನೂ ರೂಪಿಸಿದ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಟ್ರ್ಯಾಕ್ಟರ್ ಎಟುಕದ ಸಣ್ಣ ಹಿಡುವಳಿಯವರು ಹಳೆ ಸೈಕಲ್ಲಿನ ಮುಂಗಾಲಿ ಮತ್ತು ಹ್ಯಾಂಡಲ್‌ಗೆ ಊರ ವೆಲ್ಡಿಂಗ್ ಅಂಗಡಿಯಲ್ಲಿ ಕುಡ ಬೆಸೆಸಿಕೊಂಡು ಸೈಕಲ್ ಎಡೆಕುಂಟೆ ಮಾಡಿಕೊಂಡಿದ್ದಾರೆ. ಒಬ್ಬನೇ ತಳ್ಳಬಹುದು, ಎತ್ತಿನ ಬಾಡಿಗೆ ಇಲ್ಲ, ಮೆಣಸಿನಕಾಯಿ, ಸೋಯಾ, ಹೆಸರು ಯಾವುದಕ್ಕೂ ನಡೆಯುತ್ತದೆ. ಅದನ್ನು ಮೊದಲು ಮಾಡಿದವರು ಯಾರೆಂದು ಮುಂದೆ ಯಾರೂ ಹೇಳಲಾರರು. ಹಳೆಯ ಬಡಿಗರ ಹಾಗೆ ಇವರೂ ಹೆಸರಿಲ್ಲದೆ ಉಳಿಯುತ್ತಾರೆ.

ಟಲ್‌ನಿಂದ ವೆಲ್ಡಿಂಗ್ ಅಂಗಡಿಯವರೆಗೆ ನಡೆದ ಈ ತಿದ್ದುಪಡಿಗಳೆಲ್ಲ ಸಾಲುಗಳ ನಡುವಿನ ನೆಲಕ್ಕೆ ಸಂಬಂಧಿಸಿದವು. ಸಾಲಿನ ಒಳಗೆ, ಗಿಡದ ಬುಡಕ್ಕೆ ಅಂಟಿ ಬೆಳೆಯುವ ಕಳೆಯನ್ನು ಯಾವ ಕುಡವೂ ಮುಟ್ಟುವುದಿಲ್ಲ. ಎಡೆ ಹೊಡೆಯುವ ಗಂಡಸು ನೆಟ್ಟಗೆ ನಡೆದು ಹೊಲದ ಆಚೆ ತಲುಪಿದ ಮೇಲೆ, ಉಳಿದ ಕಳೆಗಾಗಿ ಹೆಂಗಸರು ಕುರ್ಪಿ ಹಿಡಿದು ಕುಕ್ಕರಗಾಲಿನಲ್ಲಿ ಕೂತು, ಬೆನ್ನು ಬಗ್ಗಿಸಿ ಸಾಲುಸಾಲಾಗಿ ಸರಿಯುತ್ತಾರೆ. ಕೂಲಿಯೂ ಬಹುಮಟ್ಟಿಗೆ ಗಂಡಾಳಿಗಿಂತ ಕಡಿಮೆ. ಬುಕಾನನ್‌ನ ಪುಸ್ತಕದಲ್ಲಿ ಕುಂಟೆಗೆ ಚಿತ್ರವಿದೆ, ಸರಕಾರಿ ಕ್ಷೇತ್ರಗಳಲ್ಲಿ ನೇಗಿಲಿಗೆ ಪ್ರದರ್ಶನ ನಡೆದಿದೆ. ಹೆಂಗಸರ ಕುರ್ಪಿಯತ್ತ ಅಂಥ ಗಮನ ಹರಿದಿಲ್ಲ. ಈಚೆಗೆ ಅವರ ಈ ಕೆಲಸವನ್ನು ತಪ್ಪಿಸಲು ಬಂದಿರುವುದು ಕಳೆನಾಶಕದ ಡಬ್ಬಿ. ಅದು ಮಣ್ಣಿನ ಬಿರುಕನ್ನು ಮುಚ್ಚುವುದಿಲ್ಲ. ಗಿಡಕ್ಕೆ ಗಾಯವಾಗದಂತೆ ಬುಡದ ಕಳೆಯನ್ನು ನಿಂತುಕೊಂಡೇ ತೆಗೆಯಬಲ್ಲ, ಹಳ್ಳಿಯ ಕುಲುಮೆಯಲ್ಲಿ ತಯಾರಾಗುವ, ಕೂಲಿ ಹೆಂಗಸೊಬ್ಬಳು ತನ್ನ ದುಡ್ಡಿನಲ್ಲಿ ಕೊಳ್ಳಬಹುದಾದ ಸಲಕರಣೆ ಹಿಂಗಾರಿ ಹೊಲಗಳಿಗೆ ಇನ್ನೂ ಬರಬೇಕಾಗಿದೆ.